ಅವನಿಗೆ ಸಿಟ್ಟು, ಅವಳಿಗೆ ಅಳು?

ಕೇಳುಗರಿಗೆ ನಮಸ್ಕಾರ.

ಹದಿಹರೆಯದ ಮಕ್ಕಳ ಮಾತು ಬಂದರೆ ಸಾಕು, ಎರಡು ತೀರ್ಪು ತಯಾರಾಗಿಯೇ ಇರುತ್ತವೆ. ಹುಡುಗಿಯಾದರೆ ‘ಮಾತುಮಾತಿಗೂ ಕಣ್ಣೀರು’. ಹುಡುಗನಾದರೆ ‘ಮೂಗಿನ ತುದಿಯಲ್ಲೇ ಕೋಪ’. ಮೊದಲೆಲ್ಲ ಇದನ್ನು ಸ್ವಭಾವ ಅನ್ನುತ್ತಿದ್ದೆವು. ಈಗ ಅದಕ್ಕೆ ವಿಜ್ಞಾನದ ಹೆಸರು ಅಂಟಿಸಿದ್ದೇವೆ. ‘ಅವರ ಮಿದುಳೇ ಬೇರೆ ಥರ ಕಣ್ರೀ, ಎಲ್ಲಾ ಹಾರ್ಮೋನು’ ಅಂದುಬಿಟ್ಟರೆ ಮಾತು ಮುಗಿಯಿತು.

ನಿಜವಾಗಿಯೂ ಬೇರೆಯಾ? ಬೇರೆ ಅಂದರೆ ಎಷ್ಟು, ಎಲ್ಲಿ? ಇವತ್ತು ಅದನ್ನೇ ಮಾತಾಡೋಣ. ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮಿದುಳಿನಲ್ಲಿ ವ್ಯತ್ಯಾಸ ಇದೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ‘ಯಾವಾಗ’ ಅನ್ನುವುದಕ್ಕೆ ಸೇರಿದ್ದು. ಸಂಕಟ ಇಬ್ಬರಿಗೂ ಇದೆ, ಅದು ಹೊರಗೆ ಬರುವ ದಾರಿ ಬೇರೆಬೇರೆ. ಆ ದಾರಿ ತೋರಿಸಿದವರಲ್ಲಿ ನಾವು ದೊಡ್ಡವರೂ ಇದ್ದೇವೆ.

ಮೊದಲು ‘ಯಾವಾಗ’ ಅನ್ನುವುದನ್ನು ನೋಡೋಣ.

ಹರೆಯದ ಮೊದಲ ಸುದ್ದಿ ಹುಟ್ಟುವುದು ಮಿದುಳಿನಲ್ಲೇ. ಮಿದುಳಿನ ಬುಡದಲ್ಲಿ ಹೈಪೊಥಾಲಮಸ್ ಅನ್ನುವ ಪುಟ್ಟ ಭಾಗವಿದೆ. ವರ್ಷಗಟ್ಟಲೆ ಸುಮ್ಮನಿದ್ದ ಅದು, ಹತ್ತಿರದ ಪಿಟ್ಯುಟರಿ ಗ್ರಂಥಿಗೆ ಬಿಟ್ಟುಬಿಟ್ಟು ಸಂದೇಶ ಕಳಿಸಲು ಶುರುಮಾಡುತ್ತದೆ. ಮೊದಮೊದಲು ಇದು ನಡೆಯುವುದು ಹೆಚ್ಚಾಗಿ ರಾತ್ರಿ, ಮಗು ನಿದ್ದೆಯಲ್ಲಿರುವಾಗ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಪಿಟ್ಯುಟರಿಯಿಂದ ಹೊರಟ ಹಾರ್ಮೋನು ಹುಡುಗಿಯಲ್ಲಿ ಅಂಡಾಶಯವನ್ನು, ಹುಡುಗನಲ್ಲಿ ವೃಷಣವನ್ನು ಎಬ್ಬಿಸುತ್ತದೆ. ಅಲ್ಲಿ ತಯಾರಾದ ಈಸ್ಟ್ರೊಜೆನ್, ಟೆಸ್ಟೊಸ್ಟಿರಾನ್ ರಕ್ತದಲ್ಲಿ ಸೇರಿ ತಿರುಗಿ ಮಿದುಳಿಗೂ ಬರುತ್ತವೆ. ಇವುಗಳಲ್ಲಿ ಒಂದು ಹೆಣ್ಣಿನದು, ಇನ್ನೊಂದು ಗಂಡಿನದು ಅಂತ ನಾವು ಹಂಚಿಬಿಟ್ಟಿದ್ದೇವೆ. ಎರಡೂ ಇಬ್ಬರ ಮೈಯಲ್ಲೂ ಇವೆ. ಪ್ರಮಾಣ ಬೇರೆ, ಅಷ್ಟೇ.

ಹುಡುಗಿಯರಲ್ಲಿ ಇದು 8ರಿಂದ 13 ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಹುಡುಗರಲ್ಲಿ 9ರಿಂದ 14ರೊಳಗೆ. ಮೈ ಬದಲಾಗುವುದನ್ನು ಕಣ್ಣಳತೆಯಲ್ಲಿ ನೋಡಿದರೆ ಹುಡುಗಿಯರು ಸರಾಸರಿ ಒಂದರಿಂದ ಎರಡು ವರ್ಷ ಮುಂದಿದ್ದಾರೆ. ಆದರೆ ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಒಬ್ಬ ಹುಡುಗಿಗೂ ಇನ್ನೊಬ್ಬ ಹುಡುಗಿಗೂ ನಡುವೆ ನಾಲ್ಕೈದು ವರ್ಷದ ಅಂತರ ಇರಬಹುದು. 12 ವರ್ಷದ ಮಕ್ಕಳ ತರಗತಿಯೊಳಗೆ ಹೋಗಿ ನೋಡಿ. ಮುಂದಿನ ಬೆಂಚಿನ ಹುಡುಗಿಗೆ ಮುಟ್ಟು ಶುರುವಾಗಿ ವರ್ಷವಾಗಿದೆ. ಅವಳ ಪಕ್ಕದವಳು ಇನ್ನೂ ಎಲ್ಲಾ ರೀತಿಯಲ್ಲೂ ಮಗುವೇ. ಹಿಂದಿನ ಸಾಲಿನಲ್ಲಿ ಒಬ್ಬನ ದನಿ ಒಡೆದಿದೆ, ಮೂವರದು ಒಡೆದಿಲ್ಲ. ಇವರನ್ನೆಲ್ಲ ‘ಹುಡುಗಿಯರು’, ‘ಹುಡುಗರು’ ಅಂತ ಎರಡೇ ಸಾಲು ಮಾಡಿ ನಿಲ್ಲಿಸಿದರೆ ಎಷ್ಟೋ ವಿಷಯ ಕಣ್ಣಿಗೆ ಬೀಳದೇ ಹೋಗುತ್ತದೆ, ಅಲ್ವಾ?

ಇನ್ನು ಮಿದುಳಿನ ಒಳಗೆ ಬರೋಣ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜೇ ಗೀಡ್ ಅನ್ನುವ ವೈದ್ಯರು ಮತ್ತು ಅವರ ತಂಡ ಅವೇ ಮಕ್ಕಳನ್ನು ಕೆಲವು ವರ್ಷಕ್ಕೊಮ್ಮೆ ಕರೆಸಿ ಎಂಆರ್‌ಐ ಮಾಡುತ್ತಾ ಹೋದರು. ಅದಕ್ಕೂ ಮುಂಚೆ, ಮಿದುಳಿನ ಬೆಳವಣಿಗೆ ಚಿಕ್ಕಂದಿನಲ್ಲೇ ಬಹುಪಾಲು ಮುಗಿದುಹೋಗುತ್ತದೆ ಅನ್ನುವ ನಂಬಿಕೆ ಇತ್ತು. 1999ರಲ್ಲಿ ಬಂದ ಇವರ ಫಲಿತಾಂಶ ಅದನ್ನು ಅಲ್ಲಾಡಿಸಿತು. ಹಣೆಯ ಹಿಂದಿನ ಭಾಗದಲ್ಲಿ, ಅಂದರೆ ಯೋಜನೆ ಹಾಕುವ, ತಡೆದುಕೊಳ್ಳುವ ಭಾಗದಲ್ಲಿ, ಬೂದು ಬಣ್ಣದ ಪದರ ಹೆಚ್ಚುತ್ತಾ ಹೋಗಿ ಹುಡುಗಿಯರಲ್ಲಿ ಸುಮಾರು 11ಕ್ಕೆ, ಹುಡುಗರಲ್ಲಿ ಸುಮಾರು 12ಕ್ಕೆ ತುತ್ತತುದಿ ಮುಟ್ಟಿತು. ಅಲ್ಲಿಂದ ಇಳಿಯಿತು. 2007ರಲ್ಲಿ ಅದೇ ತಂಡ ಇಡೀ ಮಿದುಳಿನ ಗಾತ್ರ ನೋಡಿತು. ಹುಡುಗಿಯರಲ್ಲಿ ತುದಿ ಹತ್ತೂವರೆ ವರ್ಷಕ್ಕೆ, ಹುಡುಗರಲ್ಲಿ ಹದಿನಾಲ್ಕೂವರೆಗೆ.

ನಾಲ್ಕು ವರ್ಷದ ಅಂತರ! ಪತ್ರಿಕೆಗಳಿಗೆ ಇಷ್ಟೇ ಸಾಕಾಯಿತು. ‘ಹುಡುಗಿಯರಿಗೆ ಬುದ್ಧಿ ನಾಲ್ಕು ವರ್ಷ ಮುಂಚೆ’ ಅನ್ನುವ ಮಾತು ಹಬ್ಬಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಗಾತ್ರ ತುದಿ ಮುಟ್ಟುವುದು ಬೇರೆ, ಪಕ್ವವಾಗುವುದು ಬೇರೆ. ಮಿದುಳಿನ ಬೂದು ಭಾಗ ಆಮೇಲೆ ಕಡಿಮೆಯಾಗುವುದು ನಷ್ಟ ಅಲ್ಲ. ಬಳಕೆಯಲ್ಲಿ ಇಲ್ಲದ ನರಸಂಪರ್ಕಗಳನ್ನು ಮಿದುಳು ಕತ್ತರಿಸಿ ತೆಗೆಯುತ್ತದೆ. ಉಳಿದ ನರಗಳ ಮೇಲೆ ಕೊಬ್ಬಿನ ಹೊದಿಕೆ ಸುತ್ತುತ್ತದೆ, ಸಂದೇಶ ವೇಗವಾಗಿ ಓಡುತ್ತದೆ. ಈ ಹೊದಿಕೆಯ ಕೆಲಸ ಬಹಳ ನಿಧಾನ. 2022ರಲ್ಲಿ ಜಗತ್ತಿನ ಬೇರೆಬೇರೆ ಕಡೆಯ 1 ಲಕ್ಷಕ್ಕೂ ಹೆಚ್ಚು ಜನರ ಎಂಆರ್‌ಐ ಚಿತ್ರಗಳನ್ನು ಒಟ್ಟು ಹಾಕಿ ನೋಡಿದಾಗ, ಮಿದುಳಿನ ಬಿಳಿ ಭಾಗ, ಅಂದರೆ ಈ ಹೊದಿಕೆ ಸುತ್ತಿದ ನರಗಳಿರುವ ಭಾಗ, ಸುಮಾರು 29 ವರ್ಷದವರೆಗೂ ಹೆಚ್ಚುತ್ತಲೇ ಇರುವುದು ಕಂಡಿತು. ಅಂದಮೇಲೆ 14ರ ಹುಡುಗಿಯನ್ನು ‘ನೀನು ದೊಡ್ಡವಳು, ನಿನಗೆ ಅರ್ಥವಾಗಬೇಕು’ ಅಂತ ಗದರುವುದಕ್ಕೆ ಈ ಅಂಕಿ ಆಧಾರವಾಗುವುದಿಲ್ಲ. ಅವಳ ತಮ್ಮನಿಗೆ ‘ಇನ್ನೂ ಮಗು, ಬಿಡಿ’ ಅಂತ ಎಲ್ಲಾ ಮಾಫಿ ಮಾಡುವುದಕ್ಕೂ ಆಧಾರವಾಗುವುದಿಲ್ಲ. ಮನೆಗಳಲ್ಲಿ ನಡೆಯುವುದು ಮಾತ್ರ ಹೆಚ್ಚಾಗಿ ಇದೇ.

ಹಾಗಾದರೆ ರಚನೆಯಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ. ಗಂಡಿನ ಮಿದುಳು ಸರಾಸರಿ ಶೇಕಡಾ 10ರಷ್ಟು ದೊಡ್ಡದು. ಮೈಯೂ ದೊಡ್ಡದು ಅನ್ನುವುದನ್ನು ನೆನಪಿಡಿ. ಇದರಿಂದ ಬುದ್ಧಿ ಹೆಚ್ಚೋ ಕಡಿಮೆಯೋ ಅಂತ ಹೇಳಲು ಬರುವುದಿಲ್ಲ. ಗಮ್ಮತ್ತು ಇರುವುದು ಮುಂದೆ. ಮಿದುಳಿನ ಆಳದಲ್ಲಿ ಬಾದಾಮಿ ಆಕಾರದ ಅಮಿಗ್ಡಲಾ ಇದೆ. ಭಯ, ಅಪಾಯ, ಯಾವುದು ಮುಖ್ಯ ಅನ್ನುವುದನ್ನು ಥಟ್ಟನೆ ಹಿಡಿಯುವ ಭಾಗ. ಅದು ಹುಡುಗರಲ್ಲಿ ದೊಡ್ಡದು, ಅದಕ್ಕೇ ಅವರಿಗೆ ಸಿಟ್ಟು ಜಾಸ್ತಿ ಅಂತ ಬಹಳ ಕಾಲ ಓಡಿತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಹುಡುಗಿಯರಲ್ಲಿ ದೊಡ್ಡದು, ಅದಕ್ಕೇ ಅವರು ಹಳೆಯ ಜಗಳವನ್ನು ಮರೆಯುವುದಿಲ್ಲ ಅಂತಲೂ ಓಡಿತು. ಲೀಸ್ ಎಲಿಯಟ್ ಅನ್ನುವ ನರವಿಜ್ಞಾನಿ ಮತ್ತು ಅವರ ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದರು. ಒಟ್ಟು ಮಿದುಳಿನ ಗಾತ್ರವನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಎರಡೂ ಕಥೆ ಕರಗಿಹೋದವು. 2021ರಲ್ಲಿ ಅವರು ಇನ್ನೂ ದೊಡ್ಡ ಪರಿಶೀಲನೆ ಪ್ರಕಟಿಸಿದರು. ಗಾತ್ರವನ್ನು ಬಿಟ್ಟರೆ, ಒಂದು ಮಿದುಳಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸದಲ್ಲಿ ಗಂಡು ಹೆಣ್ಣು ಅನ್ನುವುದರ ಪಾಲು ಸುಮಾರು ಶೇಕಡಾ 1.

ಸರಾಸರಿ ಅನ್ನುವ ಮಾತಿನಲ್ಲೇ ನಾವು ಎಡವುವುದು. ಎತ್ತರವನ್ನೇ ತೆಗೆದುಕೊಳ್ಳಿ. ಗಂಡಸರು ಸರಾಸರಿಯಲ್ಲಿ ಹೆಂಗಸರಿಗಿಂತ ಎತ್ತರ. ಆದರೂ ಎಷ್ಟೋ ಹೆಂಗಸರು ಎಷ್ಟೋ ಗಂಡಸರಿಗಿಂತ ಎತ್ತರವಿದ್ದಾರೆ. ಮಿದುಳಿನ ಬಿಡಿ ಭಾಗಗಳಲ್ಲಿ ಇರುವ ವ್ಯತ್ಯಾಸ ಎತ್ತರದ ವ್ಯತ್ಯಾಸಕ್ಕಿಂತ ಎಷ್ಟೋ ಚಿಕ್ಕದು. ಇಸ್ರೇಲಿನ ಡಾಫ್ನಾ ಜೋಯೆಲ್ ಮತ್ತವರ ತಂಡ 2015ರಲ್ಲಿ 1,400ಕ್ಕೂ ಹೆಚ್ಚು ಮಿದುಳಿನ ಚಿತ್ರಗಳನ್ನು ಪರೀಕ್ಷಿಸಿತು. ಎಲ್ಲಾ ಭಾಗಗಳಲ್ಲೂ ಪೂರ್ತಿ ‘ಗಂಡು ಬಗೆ’ ಅಥವಾ ಪೂರ್ತಿ ‘ಹೆಣ್ಣು ಬಗೆ’ ಇದ್ದ ಮಿದುಳು ತೀರಾ ಅಪರೂಪ. ಬಹುತೇಕ ನಾವೆಲ್ಲ ಮಿಶ್ರಣ. ಈ ತೀರ್ಮಾನವನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಎಲ್ಲಾ ಭಾಗಗಳನ್ನೂ ಒಟ್ಟಿಗೆ ಕಂಪ್ಯೂಟರಿಗೆ ಕೊಟ್ಟರೆ ಅದು ಗಂಡೋ ಹೆಣ್ಣೋ ಅಂತ ಬಹಳಷ್ಟು ಸಲ ಸರಿಯಾಗಿ ಹೇಳುತ್ತದಲ್ಲ ಅನ್ನುವುದು ಅವರ ವಾದ. ಅದೂ ನಿಜವೇ. ಆದರೆ ಗುರುತು ಹಿಡಿಯಲು ಸಾಧ್ಯ ಅಂದ ಮಾತ್ರಕ್ಕೆ, ಇಬ್ಬರ ಅಳು, ಸಿಟ್ಟು ಬೇರೆ ಅಂತ ಆಗಲಿಲ್ಲವಲ್ಲ.

ಈಗ ಭಾವನೆಗೆ ಬರೋಣ. ನನಗೆ ಹೆಚ್ಚು ಕುತೂಹಲ ಇರುವುದು ಇಲ್ಲಿ.

1976ರಲ್ಲಿ ಜಾನ್ ಕಾಂಡ್ರಿ, ಸಾಂಡ್ರಾ ಕಾಂಡ್ರಿ ಅನ್ನುವ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಒಂಬತ್ತು ತಿಂಗಳ ಮಗುವಿನ ವಿಡಿಯೊ. ಮಗುವಿನ ಮುಂದೆ ಒಂದು ಪೆಟ್ಟಿಗೆ. ಮುಚ್ಚಳ ಪಟ್ಟನೆ ತೆರೆದು ಒಳಗಿಂದ ಗೊಂಬೆ ಮೇಲಕ್ಕೆ ಚಿಮ್ಮುತ್ತದೆ. ಮಗು ಬೆಚ್ಚುತ್ತದೆ, ಮತ್ತೆ ಚಿಮ್ಮಿದಾಗ ಕಿರುಚಿ ಅಳುತ್ತದೆ. ವಿಡಿಯೊ ಒಂದೇ, ಮಗು ಒಂದೇ, ಅಳುವೂ ಒಂದೇ. ನೋಡುಗರಲ್ಲಿ ಕೆಲವರಿಗೆ ಇದು ಗಂಡು ಮಗು ಅಂತ ಹೇಳಿದ್ದರು, ಉಳಿದವರಿಗೆ ಹೆಣ್ಣು ಮಗು ಅಂತ. ಮಗುವಿಗೆ ಏನನ್ನಿಸುತ್ತಿದೆ ಅಂತ ಕೇಳಿದರು. ಗಂಡು ಅಂದುಕೊಂಡವರು ಹೆಚ್ಚಾಗಿ ಸಿಟ್ಟು ಅಂದರು. ಹೆಣ್ಣು ಅಂದುಕೊಂಡವರು ಹೆಚ್ಚಾಗಿ ಹೆದರಿಕೆ ಅಂದರು.

ಸ್ವಲ್ಪ ಯೋಚಿಸಿ. ಹೆದರಿದ ಮಗುವನ್ನು ಎತ್ತಿಕೊಳ್ಳುತ್ತೇವೆ. ಸಿಟ್ಟು ಮಾಡಿದ ಮಗುವನ್ನು ಹಾಗೆ ಎತ್ತಿಕೊಳ್ಳುತ್ತೇವಾ?

2017ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಪುಟ್ಟ ಮಕ್ಕಳ ಅಪ್ಪಂದಿರಿಗೆ ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಯಂತ್ರ ಕೊಟ್ಟರು. ಆಗಾಗ ತಾನಾಗಿ ಆನ್ ಆಗಿ ಮನೆಯ ಮಾತು ಹಿಡಿಯುವ ಯಂತ್ರ. ಮಕ್ಕಳಿಗೆ ಒಂದೆರಡು ವರ್ಷ ವಯಸ್ಸು. ಹೆಣ್ಣುಮಕ್ಕಳ ಅಪ್ಪಂದಿರು ಹೆಚ್ಚು ಹಾಡಿದರು, ಬೇಸರ ಅಳು ಮುಂತಾದ ಮಾತುಗಳನ್ನು ಹೆಚ್ಚು ಆಡಿದರು. ಗಂಡುಮಕ್ಕಳ ಅಪ್ಪಂದಿರು ಎತ್ತಿ ಹಾರಿಸಿ ಗುದ್ದಾಡಿ ಆಡಿದ್ದು ಜಾಸ್ತಿ. ಗೆಲ್ಲು, ಹೆಮ್ಮೆ ಅನ್ನುವಂಥ ಮಾತುಗಳೂ ಜಾಸ್ತಿ. ಯಾರೂ ಬೇಕೆಂದು ಮಾಡಿದ್ದಲ್ಲ. ಪ್ರೀತಿಯೂ ಕಡಿಮೆ ಇರಲಿಲ್ಲ. ಆದರೆ ಹತ್ತು ಹನ್ನೆರಡು ವರ್ಷ ಹೀಗೇ ನಡೆದರೆ ಒಂದು ಮಗುವಿಗೆ ಬೇಸರಕ್ಕೆ ಬೇಕಾದ ಮಾತು ಕೈಯಲ್ಲಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ.

ಇಷ್ಟೆಲ್ಲ ಇದ್ದರೂ ಮಕ್ಕಳ ಭಾವನೆಯ ವ್ಯತ್ಯಾಸ ನಾವು ಅಂದುಕೊಂಡಷ್ಟು ದೊಡ್ಡದಲ್ಲ. 2013ರಲ್ಲಿ 160ಕ್ಕೂ ಹೆಚ್ಚು ಅಧ್ಯಯನಗಳನ್ನು, 21 ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದ ಒಂದು ಲೆಕ್ಕ ಬಂತು. ಹುಡುಗಿಯರು ಬೇಸರ, ಆತಂಕವನ್ನು ತುಸು ಹೆಚ್ಚು ತೋರಿಸುತ್ತಾರೆ. ಹುಡುಗರು ಸಿಟ್ಟನ್ನು ತುಸು ಹೆಚ್ಚು. ‘ತುಸು’ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಹದಿಹರೆಯಕ್ಕೆ ಬಂದಾಗ ಸಿಟ್ಟಿನ ವಿಷಯದಲ್ಲಿ ತಕ್ಕಡಿ ತಿರುಗುತ್ತದೆ. ಅಲ್ಲಿ ಹುಡುಗಿಯರೇ ಅದನ್ನು ತುಸು ಹೆಚ್ಚು ತೋರಿಸಿದ್ದರು. ಟೆಸ್ಟೊಸ್ಟಿರಾನ್ ಏರಿದ್ದಕ್ಕೆ ಹುಡುಗನಿಗೆ ಸಿಟ್ಟು ಅನ್ನುವವರು ಇದಕ್ಕೇನು ಹೇಳುತ್ತಾರೋ! ಹೊಡೆಯುವುದು, ಕಚ್ಚುವುದು, ತಳ್ಳುವುದು ಮನುಷ್ಯನ ಬದುಕಿನಲ್ಲಿ ಅತಿ ಹೆಚ್ಚು ಇರುವುದು ಎರಡು ಮೂರು ವರ್ಷದ ಆಸುಪಾಸಿನಲ್ಲಿ, ಆ ಹಾರ್ಮೋನು ಇನ್ನೂ ತೀರಾ ಕಡಿಮೆ ಇರುವ ವಯಸ್ಸಿನಲ್ಲಿ.

ಹರೆಯದಲ್ಲಿ ನಿಜಕ್ಕೂ ಕವಲೊಡೆಯುವುದು ಖಿನ್ನತೆ.

ಚಿಕ್ಕ ಮಕ್ಕಳಲ್ಲಿ ಖಿನ್ನತೆ ಅಪರೂಪ, ಗಂಡು ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ಅಂತರವೂ ಇಲ್ಲ. 12–13ರ ಹೊತ್ತಿಗೆ ಅಂತರ ತೆರೆದುಕೊಳ್ಳುತ್ತದೆ. ಹದಿಹರೆಯ ಮುಗಿಯುವಷ್ಟರಲ್ಲಿ ಹುಡುಗಿಯರಲ್ಲಿ ಅದು ಹುಡುಗರ ಎರಡರಷ್ಟು. ಬೇರೆಬೇರೆ ದೇಶಗಳಲ್ಲಿ ಇದೇ ಕಂಡಿದೆ. 1998ರಲ್ಲಿ ಉತ್ತರ ಕೆರೊಲಿನಾದ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ಇನ್ನೂ ಒಳಗೆ ಇಣುಕಿತು. ಹುಡುಗಿಯರಲ್ಲಿ ಈ ಏರಿಕೆ ಹೊಂದಿಕೊಂಡಿದ್ದು ವಯಸ್ಸಿಗಿಂತ ಹೆಚ್ಚಾಗಿ ಮೈ ಎಷ್ಟು ಬಲಿತಿದೆ ಅನ್ನುವುದಕ್ಕೆ. ಹರೆಯದ ಅರ್ಧ ದಾರಿ ಸಾಗಿದ ಮೇಲೆ ಏರಿಕೆ ಶುರು. ಆದ್ದರಿಂದ ಹಾರ್ಮೋನಿನ ಪಾತ್ರ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹಾರ್ಮೋನು ಒಂಟಿಯಾಗಿ ಬರುವುದಿಲ್ಲ. ಅದೇ ಮೈಯನ್ನು ಊರೆಲ್ಲ ನೋಡತೊಡಗುತ್ತದೆ. ಹುಡುಗಿಯ ಮೈಯಲ್ಲಿ ಸಹಜವಾಗಿ ಕೊಬ್ಬು ಕೂಡುವ ಹೊತ್ತಿಗೇ ತೆಳ್ಳಗಿರಬೇಕು ಅನ್ನುವ ಒತ್ತಡ. ಹುಡುಗನಿಗೆ ಅದೇ ಹೊತ್ತಿಗೆ ತೋಳು ಗಟ್ಟಿಯಾಗಿ ನಾಲ್ಕು ಜನ ಮೆಚ್ಚುತ್ತಾರೆ. ಎಲ್ಲರಿಗಿಂತ ಮುಂಚೆ ಬಲಿತ ಹುಡುಗಿಗೆ ಖಿನ್ನತೆಯ ಅಪಾಯ ಹೆಚ್ಚು ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದರಲ್ಲಿ ಆಶ್ಚರ್ಯವೇನಿದೆ? ಮನಸ್ಸು ಹತ್ತರದು, ಜನ ನೋಡುವುದು ಹದಿನಾರು ಅಂತ.

ಇದರ ಜೊತೆಗೆ ಇನ್ನೊಂದು ಇದೆ. ಮನಸ್ಸಿನೊಳಗೇ ಮೆಲುಕು ಹಾಕುವುದು. ಅವಳು ಹಾಗೆ ಯಾಕೆ ಅಂದಳು, ನಾನು ಹಾಗೆ ಯಾಕೆ ಮಾಡಿದೆ, ನನ್ನಲ್ಲೇ ಏನೋ ಕೊರತೆ ಇದೆಯಾ. ಸೂಸನ್ ನೋಲೆನ್-ಹೋಕ್ಸೆಮಾ ಅನ್ನುವ ಮನೋವಿಜ್ಞಾನಿ ತಮ್ಮ ವೃತ್ತಿಯ ಬಹುಪಾಲನ್ನು ಇದಕ್ಕೇ ಕೊಟ್ಟರು. ಬೇಸರವಾದಾಗ ಹೀಗೆ ಮೆಲುಕು ಹಾಕುವವರ ಬೇಸರ ಹೆಚ್ಚು ದಿನ ಉಳಿಯುತ್ತದೆ, ಹುಡುಗಿಯರಲ್ಲಿ ಈ ರೂಢಿ ಹೆಚ್ಚು ಅಂತ ಅವರು ತೋರಿಸಿದರು. ಅಮಾಂಡಾ ರೋಸ್ ಅನ್ನುವ ಇನ್ನೊಬ್ಬ ಮನೋವಿಜ್ಞಾನಿ 2002ರಲ್ಲಿ ಇದನ್ನು ಗೆಳೆತನಕ್ಕೆ ಹಚ್ಚಿ ನೋಡಿದರು. ಇಬ್ಬರು ಗೆಳತಿಯರು ಫೋನಿನಲ್ಲಿ ಕೂತಿದ್ದಾರೆ ಅನ್ನಿ. ತರಗತಿಯಲ್ಲಿ ಯಾರೋ ಮುಖ ತಿರುಗಿಸಿಕೊಂಡು ಹೋದರು. ಅದನ್ನೇ ಒಬ್ಬಳು ಹೇಳುತ್ತಾಳೆ, ಇನ್ನೊಬ್ಬಳು ‘ಹೌದು ಕಣೇ, ಆವತ್ತೂ ಹಾಗೇ ಮಾಡಿದ್ಲು’ ಅಂತಾಳೆ. ಮತ್ತೆ ಮೊದಲಿನಿಂದ ಶುರು. ಗಂಟೆ ಕಳೆಯುತ್ತದೆ. ಫೋನ್ ಇಟ್ಟಾಗ ಗೆಳೆತನ ಇನ್ನಷ್ಟು ಗಟ್ಟಿ, ಮನಸ್ಸು ಇನ್ನಷ್ಟು ಭಾರ. ಎರಡೂ ಒಟ್ಟಿಗೆ ಆಗುತ್ತದೆ ಅನ್ನುವುದೇ ರೋಸ್ ಕಂಡದ್ದು. 2007ರಲ್ಲಿ ಅವರ ತಂಡ ಇನ್ನೊಂದು ಗುಂಪಿನ ಮಕ್ಕಳ ಬೆನ್ನು ಹತ್ತಿ ನೋಡಿದಾಗ ಹುಡುಗರಲ್ಲಿ ಹಾಗಾಗಿರಲಿಲ್ಲ. ಅವರು ಇಂಥ ಮಾತು ಆಡಿದಾಗ ಗೆಳೆತನ ಗಟ್ಟಿಯಾಯಿತು, ಬೇಸರ ಏರಲಿಲ್ಲ. ‘ಹೇಳಿಕೊಂಡರೆ ಹಗುರ’ ಅನ್ನುವ ನಮ್ಮ ಮಾತು ಹುಡುಗಿಯರಿಗಿಂತ ಹುಡುಗರಿಗೇ ಹೆಚ್ಚು ಒಪ್ಪುತ್ತದೇನೋ. ಆದರೆ ಹೇಳಿಕೊಳ್ಳು ಅಂತ ನಾವು ಹೇಳುವುದು ಯಾರಿಗೆ?

ಹುಡುಗರ ಕಡೆ ನೋಡಿದರೆ ಕಥೆ ಬೇರೆ. ಅವರ ಸಂಕಟ ಹೊರಗೆ ಬರುವ ದಾರಿ ಹೆಚ್ಚಾಗಿ ಬಾಗಿಲು ಬಡಿಯುವುದು, ಮಾತು ಬಿಡುವುದು, ವಾಹನವನ್ನು ವೇಗವಾಗಿ ಓಡಿಸುವುದು. ಹದಿಹರೆಯದ ಕೊನೆಯ ವರ್ಷಗಳಲ್ಲಿ ರಸ್ತೆ ಅಪಘಾತದಲ್ಲಿ ಸಾಯುವವರಲ್ಲಿ ಹುಡುಗರೇ ಹೆಚ್ಚು. ಆತ್ಮಹತ್ಯೆಯ ಪ್ರಯತ್ನ ಹುಡುಗಿಯರಲ್ಲಿ ಜಾಸ್ತಿ, ಆದರೆ ಬಹುತೇಕ ದೇಶಗಳಲ್ಲಿ ಅದರಿಂದ ಸಾಯುವವರು ಹುಡುಗರೇ ಜಾಸ್ತಿ. ಖಿನ್ನತೆಯ ಲೆಕ್ಕದಲ್ಲಿ ಅರ್ಧದಷ್ಟೇ ಕಾಣುವ ಹುಡುಗರು ಸಾವಿನ ಲೆಕ್ಕದಲ್ಲಿ ಮುಂದಿದ್ದಾರೆ ಅಂದರೆ, ಮೊದಲನೇ ಲೆಕ್ಕದಲ್ಲಿ ಕೆಲವರು ನಮ್ಮ ಕಣ್ಣು ತಪ್ಪಿಸಿಕೊಂಡಿದ್ದಾರೆ ಅಂತಲೇ ನನ್ನ ಅನುಮಾನ.

ಅಪಾಯದ ಹುಚ್ಚಿನ ಬಗ್ಗೆ ಒಂದು ಮಾತು. ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ ಅನ್ನುವ ಮನೋವಿಜ್ಞಾನಿಗಳು 2005ರಲ್ಲಿ ಕಂಪ್ಯೂಟರಿನ ಕಾರ್ ಆಟ ಆಡಿಸಿದರು. ಹಳದಿ ದೀಪ ಬಿದ್ದ ಮೇಲೂ ಮುಂದೆ ಹೋದಷ್ಟೂ ಅಂಕ ಹೆಚ್ಚು, ಆದರೆ ಯಾವ ಕ್ಷಣದಲ್ಲಾದರೂ ಡಿಕ್ಕಿ. ಒಬ್ಬರೇ ಆಡಿದಾಗ ಹದಿಹರೆಯದವರೂ ದೊಡ್ಡವರೂ ಹೆಚ್ಚುಕಡಿಮೆ ಒಂದೇ ರೀತಿ ಆಡಿದರು. ಪಕ್ಕದಲ್ಲಿ ಗೆಳೆಯರು ನಿಂತ ಕೂಡಲೇ ಹದಿಹರೆಯದವರ ಸಾಹಸ ಸುಮಾರು ಎರಡರಷ್ಟಾಯಿತು. ದೊಡ್ಡವರಲ್ಲಿ ಏನೂ ಬದಲಾಗಲಿಲ್ಲ. ಖುಷಿ ಮತ್ತು ಮೆಚ್ಚುಗೆಗೆ ಮಿಡಿಯುವ ಮಿದುಳಿನ ಭಾಗ ಈ ವಯಸ್ಸಿನಲ್ಲಿ ಗೆಳೆಯರು ನೋಡುತ್ತಿದ್ದಾರೆ ಅನ್ನುವಷ್ಟಕ್ಕೇ ಹೆಚ್ಚು ಚುರುಕಾಗುತ್ತದೆ ಅಂತ ಆಮೇಲಿನ ಸ್ಕ್ಯಾನ್‌ಗಳಲ್ಲಿ ಕಂಡಿತು. ಇದು ಹುಡುಗ ಹುಡುಗಿ ಇಬ್ಬರಿಗೂ ಇದ್ದದ್ದೇ. ಬುದ್ಧಿ ಇಲ್ಲದೆ ಮಾಡುತ್ತಾರೆ ಅನ್ನಬೇಡಿ. ಬುದ್ಧಿ ಇದೆ, ಎದುರಿಗೆ ನೋಡುವ ಕಣ್ಣುಗಳಿದ್ದಾಗ ಅದು ಹಿಂದೆ ಸರಿಯುತ್ತದೆ.

ನಿದ್ದೆಯನ್ನೂ ಮರೆಯುವಂತಿಲ್ಲ. ಈ ವಯಸ್ಸಿನಲ್ಲಿ ಮೈಯ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ, ರಾತ್ರಿ ಬೇಗ ನಿದ್ದೆ ಬರುವುದಿಲ್ಲ. ಹುಡುಗಿಯರಲ್ಲಿ ಇದು ಮೊದಲು ಶುರುವಾಗಿ ಮೊದಲು ಮುಗಿಯುತ್ತದೆ, ಹುಡುಗರಲ್ಲಿ ಇನ್ನೂ ಹೆಚ್ಚು ತಡ. 8ರಿಂದ 10 ಗಂಟೆ ನಿದ್ದೆ ಬೇಕಾದ ಮಗು ಆರೇ ಗಂಟೆ ಮಲಗಿ ಎದ್ದು ಸಿಡುಕಿದರೆ ಹಾರ್ಮೋನನ್ನು ಬೈಯುವ ಮುಂಚೆ ಗಡಿಯಾರ ನೋಡಿ.

ಹಾಗಾದರೆ ಏನು ಮಾಡೋದು ಅಂತ ಕೇಳುತ್ತೀರಿ. ಭಾವನೆಗೆ ಹೆಸರು ಕೊಡುವುದರಿಂದ ಸ್ವಲ್ಪ ಉಪಯೋಗ ಇದೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಸ್ಕ್ಯಾನರಿನಲ್ಲಿ ನೋಡಿದ್ದು ಇದನ್ನೇ. ಎದುರಿನ ಮುಖದ ಭಾವನೆಯನ್ನು ಒಂದು ಮಾತಿನಲ್ಲಿ ಗುರುತಿಸಿದಾಗ ಅಮಿಗ್ಡಲಾದ ಅಬ್ಬರ ಇಳಿಯಿತು. ಆದರೆ ಹದಿಹರೆಯದವರಿಗೆ ಇದೇ ಕಷ್ಟ. ಎರಿಕ್ ನೂಕ್ ಮತ್ತವರ ಜೊತೆಗಾರರು 2018ರಲ್ಲಿ ತೋರಿಸಿದಂತೆ, ಒಂದು ಭಾವನೆಯನ್ನು ಇನ್ನೊಂದರಿಂದ ಬೇರ್ಪಡಿಸಿ ಹೇಳುವ ಶಕ್ತಿ ಈ ವಯಸ್ಸಿನಲ್ಲಿ ಚಿಕ್ಕಂದಿನಲ್ಲಿ ಇದ್ದದ್ದಕ್ಕಿಂತಲೂ ಕಡಿಮೆಯಾಗಿರುತ್ತದೆ. ಪುಟ್ಟ ಮಗುವಿಗೆ ಒಂದು ಸಲಕ್ಕೆ ಒಂದೇ ಭಾವನೆ. ಹದಿನೈದರವನಿಗೆ ನಾಚಿಕೆ, ಸಿಟ್ಟು, ಬೇಸರ ಎಲ್ಲಾ ಒಟ್ಟಿಗೇ ನುಗ್ಗುತ್ತವೆ. ‘ಏನಾಯ್ತೋ?’ ಅಂತ ಕೇಳಿದರೆ ‘ಏನೂ ಇಲ್ಲ’ ಅನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ ಅವನು. ಯಾವುದನ್ನು ಅಂತ ಹೇಳುವುದು? ಎದುರಾಎದುರು ಕೂರಿಸಿಕೊಂಡು ವಿಚಾರಣೆ ಮಾಡಿದರೆ ಬಾಯಿ ಇನ್ನಷ್ಟು ಕಟ್ಟುತ್ತದೆ. ಪಕ್ಕಪಕ್ಕ ನಡೆಯುವಾಗಲೋ, ಇಬ್ಬರ ಕೈಗೂ ಏನೋ ಕೆಲಸ ಇದ್ದಾಗಲೋ ‘ಆವತ್ತು ಟೀಮಿಂದ ಬಿಟ್ಟಿದ್ದು ಬೇಜಾರಾಯ್ತಾ, ಅವಮಾನ ಆಯ್ತಾ?’ ಅಂತ ಎರಡು ಮಾತು ಮುಂದಿಟ್ಟು ನೋಡಿ. ಒಂದನ್ನು ಆರಿಸಿಕೊಳ್ಳಬಹುದು. ‘ಎರಡೂ ಅಲ್ಲ’ ಅಂದರೂ ಮಾತು ಶುರುವಾಯಿತಲ್ಲ.

ಹುಡುಗಿಗೆ ಬೇಕಾದದ್ದು ಬೇರೆ ಇರಬಹುದು. ಅವಳು ಈಗಾಗಲೇ ಅದನ್ನೇ ಮೂರು ಸಲ ಹೇಳಿದ್ದರೆ, ನಾಲ್ಕನೇ ಸಲ ಕೇಳಿಸಿಕೊಂಡು ‘ಅಯ್ಯೋ ಪಾಪ’ ಅನ್ನುವ ಬದಲು, ‘ಈಗ ಇದಕ್ಕೆ ಏನು ಮಾಡಬಹುದು ಅನ್ಸುತ್ತೆ?’ ಅಂತ ಕೇಳಿ, ಇಲ್ಲವೇ ಅವಳನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಿ. ‘ಸುಮ್ನೆ ಅಳಬೇಡ’ ಅನ್ನುವುದು ಮಾತ್ರ ಬೇಡ. ಮತ್ತೆ, ನಿಮ್ಮ ಹುಡುಗಿಯೇ ಬಾಗಿಲು ಬಡಿಯುವವಳು, ಹುಡುಗನೇ ಮೆಲುಕು ಹಾಕುವವನು ಆಗಿದ್ದರೆ ನಾನು ಹೇಳಿದ್ದನ್ನು ಅದಲುಬದಲು ಮಾಡಿಕೊಳ್ಳಿ. ಸರಾಸರಿ ನಿಮ್ಮ ಮನೆಯಲ್ಲಿ ವಾಸ ಮಾಡುವುದಿಲ್ಲ.

ಒಂದು ವಿಷಯ ಮಾತ್ರ ಬರೆದಿಟ್ಟುಕೊಳ್ಳಿ. ದೊಡ್ಡವರಲ್ಲಿ ಖಿನ್ನತೆಯನ್ನು ಗುರುತಿಸುವಾಗ ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದನ್ನು ನೋಡುತ್ತಾರೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಬೇಸರದ ಜಾಗದಲ್ಲಿ ಬರೀ ಸಿಡುಕು ಇದ್ದರೂ ವೈದ್ಯರು ಅದನ್ನು ಖಿನ್ನತೆಯ ಗುರುತಾಗಿ ಎಣಿಸುತ್ತಾರೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಸಿಡುಕು, ನಿದ್ದೆ ಊಟದಲ್ಲಿ ಏರುಪೇರು, ಇಷ್ಟದ ಆಟವೂ ಬೇಡ, ಗೆಳೆಯರೂ ಬೇಡ ಅಂತಾದರೆ ಅದಕ್ಕೆ ‘ಗಂಡು ಹುಡುಗರೇ ಹಾಗೆ’ ಅನ್ನುವ ವಿವರಣೆ ಸಾಲದು. ವೈದ್ಯರಿಗೆ ತೋರಿಸಿ. ಸಾಯಬೇಕು ಅನ್ನಿಸುತ್ತಾ ಅಂತ ಮಗುವನ್ನು ನೇರವಾಗಿ ಕೇಳಲು ಹೆದರಬೇಡಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನುವ ಭಯ ಬಹಳ ಜನರಿಗಿದೆ. ಹಾಗಾಗುವುದಿಲ್ಲ ಅಂತ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಹೌದು ಅಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ನಮಸ್ಕಾರ.